ಸಂತೆ ಹೆಚ್ಚಾಯಿತೋ, ಕೊಳ್ಳುವವರು ಕಡಿಮೆಯಾದರೋ?

2025ರ ಜನವರಿ 5ರ ಭಾನುವಾರ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆದ ಚಿತ್ರಸಂತೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹದಿನಾಲ್ಕು ಚಿತ್ರಗಳನ್ನು ಒಯ್ದಿದ್ದ. ಮರುದಿನ ಬೆಳಿಗ್ಗೆ ಗೌನಿಪಲ್ಲಿಯಲ್ಲಿ ಬಸ್ಸಿನಿಂದ ಇಳಿದಾಗ ಹಳೆಯ ಹೊದಿಕೆಯಲ್ಲಿ ಸುತ್ತಿದ ಅವನ ಗಂಟಿನಲ್ಲಿ ಹನ್ನೊಂದು ಚಿತ್ರಗಳು ಉಳಿದಿದ್ದವು. ಬೆಳಗಿನ ಹಾಲು ತರಲು ಹೊರಟಿದ್ದ ನಾನು ಗಂಟಿನ ಒಂದು ತುದಿಗೆ ಕೈ ಕೊಟ್ಟೆ. ಚಹಾ ಅಂಗಡಿಯ ಮುಂದೆ ಅದನ್ನು ಇಳಿಸಿ ಕುಳಿತ ಮೇಲೆ ಅವನು ಕೇಳಿದ್ದು ಒಂದೇ ಪ್ರಶ್ನೆ: ‘ಸಾರ್, ಸಂತೆ ಜಾಸ್ತಿ ಆಯ್ತಾ, ಇಲ್ಲ ನಾವೇ ಜಾಸ್ತಿ ಆದ್ವಾ?’

ನಾನು ಏನೋ ಸಮಾಧಾನದ ಮಾತು ಹೇಳಿದೆ. ಅವನು ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ನರಸಾಪುರದ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ ಸಿಗುವಂತಿದೆ, ಸಂಕ್ರಾಂತಿ ಕಳೆದ ಮೇಲೆ ಸೇರಿಕೊಳ್ಳುತ್ತೇನೆ ಎಂದ. ಕುಂಚ ಕೈಬಿಡುತ್ತೀಯಾ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಹೈಸ್ಕೂಲಿನಲ್ಲಿ ಆ ಕುಂಚವನ್ನು ಅವನ ಕೈಗೆ ಕೊಟ್ಟವನು ನಾನು. ಕಲಾಶಾಲೆಗೆ ಸೇರೆಂದು ಅವನ ಮನೆಯವರನ್ನು ಒಪ್ಪಿಸಿದವನೂ ನಾನೇ. ಆದ್ದರಿಂದ ಅವನ ಪ್ರಶ್ನೆಗೆ ಉತ್ತರ ಹುಡುಕುವ ಹೊಣೆಯೂ ನನ್ನದೇ ಎಂದು ಭಾವಿಸಿ ಈ ಲೇಖನ ಬರೆಯುತ್ತಿದ್ದೇನೆ.

ಮೊದಲು ಚಿತ್ರಸಂತೆಗೆ ಸಲ್ಲಬೇಕಾದ ಗೌರವ ಸಲ್ಲಲಿ. 1960ರಲ್ಲಿ ಸ್ಥಾಪನೆಯಾದ ಕರ್ನಾಟಕ ಚಿತ್ರಕಲಾ ಪರಿಷತ್ತು, ಎಂ.ಎಸ್. ನಂಜುಂಡರಾಯರ ಪರಿಶ್ರಮದಿಂದ ಬೆಳೆದ ಸಂಸ್ಥೆ. ನಾಡಿನ ಮೂಲೆಮೂಲೆಗಳಿಂದ ತೊಗಲುಬೊಂಬೆಗಳನ್ನು ತಂದು ಸಂಗ್ರಹಿಸಿ, ಅಧ್ಯಯನ ಮಾಡಿ, ಅವು ಕಲೆಯೆಂದು ಪಟ್ಟಣಿಗರಿಗೆ ತೋರಿಸಿಕೊಟ್ಟವರು ಅವರು. ಅಂಥ ಪರಿಷತ್ತು 2003ರಲ್ಲಿ ಚಿತ್ರಸಂತೆಯನ್ನು ಆರಂಭಿಸಿದಾಗ ಅದರ ಹಿಂದಿದ್ದ ಆಲೋಚನೆ ಸರಳವಾಗಿತ್ತು. ಗ್ಯಾಲರಿಯ ಗಾಜಿನ ಬಾಗಿಲನ್ನು ತಳ್ಳಿ ಒಳಗೆ ಹೋಗಲು ಸಂಕೋಚಪಡುವ ಸಾಮಾನ್ಯನ ಬಳಿಗೆ ಚಿತ್ರವೇ ಹೋಗಬೇಕು; ಸೊಪ್ಪು, ತರಕಾರಿ, ದನಕರು ಮಾರುವ ಸಂತೆಯಂತೆ ಚಿತ್ರವೂ ಬೀದಿಯಲ್ಲಿ ಕೊಳ್ಳುವ ವಸ್ತುವಾಗಬೇಕು; ನಡುವೆ ದಲ್ಲಾಳಿ ಇರಬಾರದು.

ಆ ಆಲೋಚನೆ ಗೆದ್ದಿತು ಎಂಬುದರಲ್ಲಿ ಅನುಮಾನವಿಲ್ಲ. ಜನವರಿಯ ಒಂದು ಭಾನುವಾರ ವಾಹನ ಸಂಚಾರ ನಿಲ್ಲಿಸಿದ ಆ ರಸ್ತೆಯಲ್ಲಿ ನೂರಾರು ರೂಪಾಯಿಯ ರೇಖಾಚಿತ್ರದಿಂದ ಹಿಡಿದು ಲಕ್ಷ ರೂಪಾಯಿಯ ಕ್ಯಾನ್ವಾಸಿನವರೆಗೆ ಎಲ್ಲವೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಲಕ್ಷಾಂತರ ಜನ ಬರುತ್ತಾರೆ. 2021ರಲ್ಲಿ ಕೊರೊನಾ ಕಾರಣದಿಂದ ಸಂತೆಯನ್ನು ಅಂತರ್ಜಾಲದಲ್ಲಿ ನಡೆಸಬೇಕಾಗಿ ಬಂದಾಗ ಅದರ ಗೈರುಹಾಜರಿ ಎಷ್ಟು ದೊಡ್ಡದೆಂದು ನಮ್ಮಂಥವರಿಗೆ ಅರಿವಾಯಿತು.

ನಾನು ಮೊದಲು ಅಲ್ಲಿ ಕುಳಿತದ್ದು 2006ರಲ್ಲಿ. ಚಿಂತಾಮಣಿ, ಹೊಸಕೋಟೆಯ ದಾರಿಯಲ್ಲಿ ಬಸ್ಸಿನ ಮೇಲೆ ಚಿತ್ರಗಳನ್ನು ಕಟ್ಟಿಕೊಂಡು ಹೋಗಿದ್ದೆ. ಗೌನಿಪಲ್ಲಿ ಎಲ್ಲಿದೆ ಎಂದು ಕೇಳಿದವರಿಗೆ ಆಂಧ್ರದ ಗಡಿ ಎಂದು ಹೇಳಿ ಹೇಳಿ ಸಾಕಾಯಿತು. ಮಧ್ಯಾಹ್ನದ ಹೊತ್ತಿಗೆ ಬ್ಯಾಂಕ್ ನೌಕರರೊಬ್ಬರು ಬಂದು, ಹೂ ಬಿಟ್ಟ ಮಾವಿನ ತೋಪಿನ ನನ್ನ ಜಲವರ್ಣವೊಂದನ್ನು ಬಹಳ ಹೊತ್ತು ನೋಡಿ, ‘ನಮ್ಮ ತಾತನ ಊರು ಶ್ರೀನಿವಾಸಪುರ’ ಎಂದು ಹೇಳಿ 800 ರೂಪಾಯಿ ಕೊಟ್ಟು ಒಯ್ದರು. ಚೌಕಾಸಿ ಮಾಡಲಿಲ್ಲ. ಅಪರಿಚಿತರೊಬ್ಬರು ನನ್ನ ಚಿತ್ರಕ್ಕೆ ಹಣ ಕೊಟ್ಟದ್ದು ಅದೇ ಮೊದಲು. ಆ ದಿನದ ಸಂತೋಷವನ್ನು ಇಂದಿಗೂ ಮರೆತಿಲ್ಲ. ನನ್ನ ವಿದ್ಯಾರ್ಥಿಗಳಿಗೆ ‘ಸಂತೆಗೆ ಹೋಗಿ’ ಎಂದು ನಾನು ವರ್ಷಗಟ್ಟಲೆ ಹೇಳುತ್ತಾ ಬಂದದ್ದು ಆ 800 ರೂಪಾಯಿಯ ಬಲದಿಂದ.

ಈಚಿನ ವರ್ಷಗಳಲ್ಲಿ ಅದೇ ರಸ್ತೆಯಲ್ಲಿ ಸುಮಾರು 1500 ಕಲಾವಿದರು ಕೂರುತ್ತಾರೆ. ಅವರು ಹಲವು ರಾಜ್ಯಗಳಿಂದ ಬಂದವರು. ಒಂದು ಚಿಕ್ಕ ಲೆಕ್ಕ ಹಾಕೋಣ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಹನ್ನೆರಡು ಗಂಟೆ ಎಂದರೆ 720 ನಿಮಿಷ. ಊಟ, ನೀರು, ನಡಿಗೆ ಎಲ್ಲವನ್ನೂ ಬಿಟ್ಟು ಒಬ್ಬ ಕಲಾವಿದನ ಮುಂದೆ ಒಂದೇ ಒಂದು ನಿಮಿಷ ನಿಂತರೂ, ಅತ್ಯಂತ ಶ್ರದ್ಧೆಯ ಪ್ರೇಕ್ಷಕನೂ ಅರ್ಧದಷ್ಟು ಜನರನ್ನು ನೋಡಿ ಮುಗಿಸಲಾರ. ಜನಜಂಗುಳಿಯಲ್ಲಿ ಮಕ್ಕಳ ಕೈ ಹಿಡಿದು ನಡೆಯುವ ಗೃಹಸ್ಥ ಎಷ್ಟು ನೋಡಿಯಾನು? ಹೀಗಿರುವಾಗ ಕಣ್ಣನ್ನು ದೂರದಿಂದಲೇ ಸೆಳೆಯುವ ಚಿತ್ರಕ್ಕೆ ಉಳಿವು. ಹತ್ತಿರ ಕರೆದು ನಿಲ್ಲಿಸಿಕೊಂಡು ಮಾತಾಡುವ ಚಿತ್ರಕ್ಕೆ ಸೋಲು. ಬುದ್ಧನ ಮುಖ, ಗಣಪತಿ, ಓಡುವ ಕುದುರೆಗಳು ಸಾಲುಸಾಲಾಗಿ ಕಾಣಿಸಿಕೊಳ್ಳುವುದು ಕಲಾವಿದರ ಕಲ್ಪನೆ ಬತ್ತಿದ್ದರಿಂದಲ್ಲ. ಅವರು ಆ ಒಂದು ನಿಮಿಷದ ಲೆಕ್ಕವನ್ನು ಕಲಿತುಕೊಂಡಿದ್ದಾರೆ, ಅಷ್ಟೆ.

ಬೆಂಗಳೂರಿನ ಯಶಸ್ಸನ್ನು ಕಂಡು ಮೈಸೂರು, ಕಲಬುರಗಿ, ದಾವಣಗೆರೆ, ಶಿವಮೊಗ್ಗಗಳಲ್ಲೂ ಚಿತ್ರಸಂತೆಗಳು ನಡೆದವು. ಇದು ಸ್ವಾಗತಾರ್ಹ. ಅದರ ಜೊತೆಗೆ ಮಾಲ್‌ಗಳಲ್ಲಿ, ಹೋಟೆಲಿನ ಸಭಾಂಗಣಗಳಲ್ಲಿ, ಅಪಾರ್ಟ್‌ಮೆಂಟ್ ಸಮುಚ್ಚಯಗಳಲ್ಲಿ ಖಾಸಗಿಯವರು ನಡೆಸುವ ಕಲಾಮೇಳಗಳೂ ಹುಟ್ಟಿಕೊಂಡವು. ಎರಡಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಚಿತ್ರಸಂತೆಯಂಥ ಸಾರ್ವಜನಿಕ ಸಂತೆ ಪ್ರೇಕ್ಷಕನಿಗಾಗಿ ನಡೆಯುತ್ತದೆ. ಖಾಸಗಿ ಮೇಳಗಳಲ್ಲಿ ಹಲವಕ್ಕೆ ನಿಜವಾದ ಗಿರಾಕಿ ಪ್ರೇಕ್ಷಕನಲ್ಲ, ಕಲಾವಿದನೇ. ಮಳಿಗೆಯ ಬಾಡಿಗೆಯಾಗಿ ಕಲಾವಿದ ಮುಂಗಡ ಕೊಟ್ಟ ಕ್ಷಣವೇ ಆಯೋಜಕನ ವ್ಯಾಪಾರ ಮುಗಿದಿರುತ್ತದೆ. ಆಮೇಲೆ ಒಂದು ಚಿತ್ರವೂ ಮಾರಾಟವಾಗದಿದ್ದರೂ ಅವನಿಗೆ ನಷ್ಟವಿಲ್ಲ.

ನನ್ನ ವಿದ್ಯಾರ್ಥಿಯ ಲೆಕ್ಕದ ಪುಸ್ತಕವನ್ನು ಅವನ ಅನುಮತಿಯಿಂದಲೇ ಇಲ್ಲಿ ತೆರೆದಿಡುತ್ತೇನೆ. 2024ರ ಜನವರಿಯಿಂದ 2025ರ ಜನವರಿಯವರೆಗೆ ಅವನು ಐದು ಕಡೆ ಕುಳಿತ: ಎರಡು ಬಾರಿ ಬೆಂಗಳೂರಿನ ಚಿತ್ರಸಂತೆ, ಹೊರ ಜಿಲ್ಲೆಗಳ ಎರಡು ಮೇಳ, ಮತ್ತು ಬೆಂಗಳೂರಿನಲ್ಲಿ ಮೂರು ದಿನ ನಡೆದ ಒಂದು ಖಾಸಗಿ ಮೇಳ. ಬಣ್ಣ ಮತ್ತು ಕ್ಯಾನ್ವಾಸಿಗೆ 12,000 ರೂಪಾಯಿ. ಇಪ್ಪತ್ತು ಚಿತ್ರಗಳಿಗೆ ಚೌಕಟ್ಟು ಹಾಕಿಸಲು 16,800. ಖಾಸಗಿ ಮೇಳದ ಮಳಿಗೆಗೆ 18,000. ಉಳಿದ ನಾಲ್ಕಕ್ಕೂ ಸೇರಿ 7,500. ಪ್ರಯಾಣ ಮತ್ತು ಸಾಗಣೆ 9,600. ಊಟ, ವಸತಿ 6,500. ಒಟ್ಟು 70,400 ರೂಪಾಯಿ ಖರ್ಚು. ಮಾರಾಟವಾದ ಚಿತ್ರಗಳು ಒಂಬತ್ತು. ಬಂದ ಹಣ 46,500. ಅಂದರೆ 23,900 ರೂಪಾಯಿ ಕೈಯಿಂದ ಹೋಯಿತು. ಅವನ ದುಡಿಮೆಗೆ, ರಾತ್ರಿಗಳಿಗೆ, ಕಣ್ಣಿಗೆ ಇದರಲ್ಲಿ ಒಂದು ರೂಪಾಯಿಯನ್ನೂ ಹಿಡಿದಿಲ್ಲ.

ಈ ಒಂಬತ್ತರಲ್ಲಿ ಆರು ಚಿತ್ರ ಮಾರಾಟವಾದದ್ದು ಎರಡು ಚಿತ್ರಸಂತೆಗಳಲ್ಲಿ, ಎರಡು ಜಿಲ್ಲಾ ಮೇಳಗಳಲ್ಲಿ. ಹದಿನೆಂಟು ಸಾವಿರ ತೆತ್ತ ಖಾಸಗಿ ಮೇಳದಲ್ಲಿ ಹೋದದ್ದು ಒಂದೇ ಚಿತ್ರ, 4,500 ರೂಪಾಯಿಗೆ. ಮೇಳದ ಪ್ರಚಾರಪತ್ರದಲ್ಲಿ ‘ಸಂಗ್ರಾಹಕರು, ವಾಸ್ತುಶಿಲ್ಪಿಗಳು, ಒಳಾಂಗಣ ವಿನ್ಯಾಸಕಾರರು ಬರುತ್ತಾರೆ’ ಎಂದಿತ್ತು. ಬಂದವರು ಬಹುಪಾಲು ಇತರ ಮಳಿಗೆಗಳ ಕಲಾವಿದರೇ. ಒಬ್ಬರ ಚಿತ್ರವನ್ನು ಇನ್ನೊಬ್ಬರು ನೋಡಿ, ಫೋನಿನಲ್ಲಿ ಫೋಟೊ ತೆಗೆದುಕೊಂಡು, ಮೂರು ದಿನ ಕಳೆದರು.

ಅವನು ಏನು ಬರೆಯುತ್ತಾನೆ ಎಂಬುದನ್ನೂ ಹೇಳಬೇಕು. ಅವನ ತಂದೆ ವರ್ಷದ ಹೆಚ್ಚು ಕಾಲ ಮಾವಿನ ತೋಪುಗಳಲ್ಲಿ ಕೂಲಿ ಮಾಡುವವರು; ಜಾತ್ರೆಯ ದಿನಗಳಲ್ಲಿ ತಮಟೆ ಬಾರಿಸುವವರು. ಮಗ ಬರೆಯುವುದು ಆ ತಮಟೆಯನ್ನು: ಬೆಂಕಿಗೆ ಹಿಡಿದು ಕಾಯಿಸುವಾಗಿನ ಚರ್ಮದ ಬಣ್ಣ, ಬಡಿಯುವ ಕೋಲು, ಬೆವರಿದ ಬೆನ್ನು. ಈ ಸೀಮೆಯಲ್ಲಿ ತಮಟೆಗೆ ದೊಡ್ಡ ಪರಂಪರೆಯಿದೆ. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ, 2007ರವರೆಗೆ ಅವಿಭಜಿತ ಕೋಲಾರ ಜಿಲ್ಲೆಯವರೇ ಆಗಿದ್ದ ಅವರ ಬಗ್ಗೆ ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ತಮಟೆಯ ಚಿತ್ರ ಕೊಳ್ಳಲು ಬಂದ ಒಬ್ಬ ಸಂಭಾವಿತ ಮಹಿಳೆ ನನ್ನ ಹುಡುಗನಿಗೆ ಹೇಳಿದ್ದು: ‘ತುಂಬಾ ಚೆನ್ನಾಗಿದೆ. ಆದರೆ ನಮ್ಮ ಹಾಲ್‌ಗೆ ಹೊಂದೋದಿಲ್ಲ. ಇದೇ ಬಣ್ಣದಲ್ಲಿ ಬುದ್ಧ ಇದ್ದರೆ ಕೊಡಿ.’ ಆಕೆಯ ಮಾತಿನಲ್ಲಿ ದುರುದ್ದೇಶವಿರಲಿಲ್ಲ. ಸಂತೆಯಲ್ಲಿ ಗಿರಾಕಿ ತನಗೆ ಬೇಕಾದ್ದನ್ನು ಕೇಳುವುದು ತಪ್ಪೂ ಅಲ್ಲ. ಆದರೆ ಕಲಾವಿದನಿಗೆ ಸಂತೆಯೊಂದೇ ದಾರಿಯಾದಾಗ, ಒಂದಲ್ಲ ಒಂದು ದಿನ ಅವನು ಆ ಬುದ್ಧನನ್ನು ಬರೆಯುತ್ತಾನೆ.

ಹಾಗಾದರೆ ಮೇಳಗಳು ಹೆಚ್ಚಾಗಿವೆಯೇ? ಗೌನಿಪಲ್ಲಿಯಲ್ಲಿ ಕುಳಿತು ಈ ಪ್ರಶ್ನೆ ಕೇಳಿಕೊಂಡಾಗ ನನಗೆ ಹೊಳೆಯುವುದು ಮಾವಿನ ಫಸಲು. ಶ್ರೀನಿವಾಸಪುರ ತಾಲ್ಲೂಕಿನವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಮಂಡಿಗಳಿಗೆ ಕೊರತೆಯಿಲ್ಲ. ಆದರೂ ತೋತಾಪುರಿ ಎಲ್ಲವೂ ಒಂದೇ ಸಲ ಬಂದಾಗ ಕೊಯ್ಲಿನ ಕೂಲಿಯೂ ಹುಟ್ಟದಷ್ಟು ಬೆಲೆ ಕುಸಿಯುತ್ತದೆ. ಈ ಹಣ್ಣನ್ನು ದೊಡ್ಡ ಪ್ರಮಾಣದಲ್ಲಿ ಹೀರಿಕೊಳ್ಳುವುದು ಮಂಡಿಯಲ್ಲ, ಚಿತ್ತೂರು ಕಡೆಯ ತಿರುಳು ಕಾರ್ಖಾನೆಗಳು. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿ ಒಳಬರದಂತೆ ತಡೆದಾಗ ಅದು ಎಲ್ಲರಿಗೂ ಮನದಟ್ಟಾಯಿತು. ಶ್ರೀನಿವಾಸಪುರದ ಬೆಳೆಗಾರರು ಬೀದಿಗಿಳಿದರು. ಕೊನೆಗೆ ಕೇಂದ್ರ ಸರ್ಕಾರ ಕ್ವಿಂಟಲಿಗೆ 1,616 ರೂಪಾಯಿಯ ದರವನ್ನು ಆಧಾರವಾಗಿಟ್ಟುಕೊಂಡು, 2.5 ಲಕ್ಷ ಟನ್‌ವರೆಗಿನ ಹಣ್ಣಿಗೆ ಬೆಲೆ ವ್ಯತ್ಯಾಸ ಭರಿಸಲು ಒಪ್ಪಬೇಕಾಯಿತು. ಅಂದು ಯಾರೂ ‘ಇನ್ನೂ ನಾಲ್ಕು ಮಂಡಿ ತೆರೆಯಿರಿ’ ಎಂದು ಕೇಳಲಿಲ್ಲ. ಮಂಡಿ ಎಂಬುದು ಕೊಡುವವನೂ ಕೊಳ್ಳುವವನೂ ಸೇರುವ ಜಾಗ ಮಾತ್ರ. ಅದು ತಾನೇ ಕೊಳ್ಳುವವನನ್ನು ಹುಟ್ಟಿಸಲಾರದು.

ಕಲಾಮೇಳದ ಕಥೆಯೂ ಇದೇ. ಚಿತ್ರಗಳಿಗೆ ನಾವು ಮಂಡಿಯ ಮೇಲೆ ಮಂಡಿ ತೆರೆಯುತ್ತಾ ಹೋದೆವು. ವರ್ಷವಿಡೀ ಸ್ಥಿರವಾಗಿ ಕೊಳ್ಳುವ ವ್ಯವಸ್ಥೆಯೊಂದನ್ನು ಮಾತ್ರ ಕಟ್ಟಲಿಲ್ಲ.

ಇದು ನಮ್ಮೊಬ್ಬರ ಸಂಕಟವಲ್ಲ. ಆಧುನಿಕ ಕಲಾಮೇಳದ ಆರಂಭವನ್ನು ಸಾಮಾನ್ಯವಾಗಿ 1967ರ ಜರ್ಮನಿಯ ಕಲೋನ್ ನಗರದಿಂದ ಗುರುತಿಸುತ್ತಾರೆ. ಅಲ್ಲಿ ಹದಿನೆಂಟು ಗ್ಯಾಲರಿಗಳವರು ಸೇರಿ ಒಂದು ಕಲಾ ಮಾರುಕಟ್ಟೆ ನಡೆಸಿದರು. 1970ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಇನ್ನೊಂದು ಮೇಳ ಶುರುವಾಯಿತು. ಇಂದು ಅದು ಮಯಾಮಿ, ಹಾಂಗ್‌ಕಾಂಗ್‌ಗಳಿಗೂ ಕೈ ಚಾಚಿದೆ. ನಮ್ಮ ದೇಶದಲ್ಲಿ 2008ರಲ್ಲಿ ದೆಹಲಿಯಲ್ಲಿ ‘ಇಂಡಿಯಾ ಆರ್ಟ್ ಸಮಿಟ್’ ಎಂದು ಆರಂಭವಾದದ್ದು ಈಗ ‘ಇಂಡಿಯಾ ಆರ್ಟ್ ಫೇರ್’ ಆಗಿದೆ. 2023ರಲ್ಲಿ ಮುಂಬೈ ತನ್ನದೇ ಮೇಳವನ್ನು ಆರಂಭಿಸಿತು. ಆ ಲೋಕಕ್ಕೂ ನಮ್ಮ ಕುಮಾರಕೃಪಾ ರಸ್ತೆಗೂ ಹೋಲಿಕೆಯಿಲ್ಲ ನಿಜ. ಅಲ್ಲಿ ಮಳಿಗೆ ಹಿಡಿಯುವವನು ಗ್ಯಾಲರಿಯ ಮಾಲೀಕ, ಇಲ್ಲಿ ಕಲಾವಿದ. ಆದರೆ ದೂರು ಮಾತ್ರ ಒಂದೇ. ಮೇಳದಿಂದ ಮೇಳಕ್ಕೆ ಓಡುವ ಖರ್ಚಿನಲ್ಲಿ ಸಣ್ಣ ಗ್ಯಾಲರಿಗಳು ಸೋಲುತ್ತಿವೆ ಎಂಬ ಮಾತು ಅಲ್ಲಿ ಎಷ್ಟು ಬಲವಾಯಿತೆಂದರೆ, 2018ರಲ್ಲಿ ಡೇವಿಡ್ ಜ್ವಿರ್ನರ್ ಎಂಬ ದೊಡ್ಡ ಗ್ಯಾಲರಿ ಮಾಲೀಕರೇ ಮುಂದೆ ಬಂದು, ನಮ್ಮಂಥ ದೊಡ್ಡವರು ಹೆಚ್ಚು ಬಾಡಿಗೆ ತೆತ್ತು ಚಿಕ್ಕವರ ಹೊರೆ ಇಳಿಸಬೇಕು ಎಂದರು. ಅದೇ ವರ್ಷ ಬಾಸೆಲ್ ಮೇಳ ತನ್ನ ದರಪಟ್ಟಿಯನ್ನು ಬದಲಿಸಿ, ಸಣ್ಣ ಜಾಗ ಹಿಡಿಯುವವರಿಗೆ ಚದರ ಮೀಟರಿನ ದರ ಇಳಿಸಿ ದೊಡ್ಡವರಿಗೆ ಏರಿಸುವ ಕ್ರಮವನ್ನು ಪ್ರಕಟಿಸಿತು. ಕೋಟಿಗಟ್ಟಲೆ ವ್ಯವಹಾರದವರೇ ಈ ಹೊಂದಾಣಿಕೆ ಮಾಡಿಕೊಳ್ಳಬೇಕಾಯಿತು ಎಂದಮೇಲೆ, ಬಸ್ಸಿನ ಮೇಲೆ ಚಿತ್ರ ಕಟ್ಟಿಕೊಂಡು ಬರುವವನ ಪಾಡೇನು?

ಮೇಳಗಳನ್ನು ಕಡಿಮೆ ಮಾಡಿ ಎಂದು ಹೇಳುವುದು ಸುಲಭ. ನಾನು ಹಾಗೆ ಹೇಳಲಾರೆ. ಕಾರಣವಿದೆ. ಬೆಂಗಳೂರಿನ ಹೆಸರಾಂತ ಗ್ಯಾಲರಿಯೊಂದಕ್ಕೆ ಬಹಳ ಹಿಂದೆ ನಾನು ನನ್ನ ಚಿತ್ರಗಳ ಆಲ್ಬಮ್ ಹಿಡಿದು ಹೋಗಿದ್ದೆ. ಅಲ್ಲಿನವರು ಚಿತ್ರ ನೋಡುವ ಮೊದಲೇ ‘ನೀವು ಯಾವ ಕಾಲೇಜು, ಎಲ್ಲಿ ಪ್ರದರ್ಶನ ಮಾಡಿದ್ದೀರಿ’ ಎಂದು ಕೇಳಿದರು. ನಾನು ಹೇಳಿದ ಊರಿನ ಹೆಸರು ಅವರಿಗೆ ಬರೆದುಕೊಳ್ಳಲೂ ಬರಲಿಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ಅಷ್ಟಕ್ಕಷ್ಟೆ ಎನ್ನುವ ಗಡಿನಾಡಿನ ಹುಡುಗನಿಗೆ ಅಂಥ ಬಾಗಿಲುಗಳು ತಾವಾಗಿ ತೆರೆಯುವುದಿಲ್ಲ. ಸಂತೆ ಮಾತ್ರ ಅವನ ಊರು, ಭಾಷೆ, ಜಾತಿ ಕೇಳದೆ ನಾಲ್ಕಡಿ ಜಾಗ ಕೊಡುತ್ತದೆ. ‘ಮೇಳ ಹೆಚ್ಚಾಯಿತು’ ಎಂಬ ಮಾತನ್ನು, ಮೇಳದ ಅಗತ್ಯವೇ ಇಲ್ಲದ ಸ್ಥಿತಿವಂತ ಕಲಾವಿದರು ಹೇಳಿದಾಗ ನನಗೆ ಅನುಮಾನ ಬರುವುದು ಈ ಕಾರಣಕ್ಕೆ.

ಮೇಳವನ್ನು ನಂಬದೆ ಬದುಕಿದ ಕಲಾವಿದರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಶಿಲ್ಪಿಗಳ ಊರು. ಬೀದಿಗೆ ಕಾಲಿಟ್ಟರೆ ಉಳಿಯ ಸದ್ದು. ಮನೆಯ ಮುಂದೆ ಅರ್ಧ ರೂಪು ತಾಳಿದ ನಂದಿ, ಗಣಪತಿ, ಅಮ್ಮನವರು. ಕಲ್ಲಿನ ಕೆಲಸದಂತೆ ಪಂಚಲೋಹದ ಕೆಲಸವೂ ಇದೆ. ಇವರು ವಿಗ್ರಹ ಕೆತ್ತಿ ಸಂತೆಗೆ ಹೊತ್ತು ಒಯ್ಯುವುದಿಲ್ಲ. ದೇವಸ್ಥಾನದವರು, ಊರಿನವರು ತಾವಾಗಿ ಬಂದು, ಅಳತೆ ಹೇಳಿ, ಮುಂಗಡ ಕೊಟ್ಟು, ದಿನ ಗೊತ್ತುಮಾಡಿ ಹೋಗುತ್ತಾರೆ. ಕೆತ್ತುವ ಮೊದಲೇ ಕೊಳ್ಳುವವನಿದ್ದಾನೆ. ಆದ್ದರಿಂದ ಅಪ್ಪನ ಉಳಿ ಮಗನ ಕೈಗೆ ಬರುತ್ತದೆ. ಅಲ್ಲಿ ಎಲ್ಲವೂ ಸುಖ ಎಂದು ಹೇಳುತ್ತಿಲ್ಲ. ಶಾಸ್ತ್ರದ ಅಳತೆಯನ್ನು ಮೀರುವ ಸ್ವಾತಂತ್ರ್ಯ ಆ ಶಿಲ್ಪಿಗೆ ಇಲ್ಲ. ಕಲ್ಲಿನ ದೂಳು ಅವನ ಪುಪ್ಪುಸವನ್ನು ತಿನ್ನುತ್ತದೆ. ಆದರೂ ಅವನ ಬದುಕು ಒಂದು ಪಾಠ ಹೇಳುತ್ತದೆ: ಕಲೆಯನ್ನು ಉಳಿಸುವುದು ಪ್ರದರ್ಶನವಲ್ಲ, ಬೇಡಿಕೆ.

ಹಿಂದೆ ಆ ಬೇಡಿಕೆ ಅರಮನೆಯಿಂದ ಬರುತ್ತಿತ್ತು. ಕೆ. ವೆಂಕಟಪ್ಪನವರನ್ನು ಕಲ್ಕತ್ತೆಗೆ ಕಳುಹಿಸಿ ಅವನೀಂದ್ರನಾಥ ಟಾಗೋರರ ಬಳಿ ಕಲಿಸಿದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯ. ಅರಸರು ಹೋದ ಮೇಲೆ ಆ ಸ್ಥಾನಕ್ಕೆ ಬಂದದ್ದು ಸರ್ಕಾರ. ಅದು ಕಲಾವಿದನನ್ನು ಪೋಷಿಸಿದ ಬಗೆ ಹೆಚ್ಚು ಜನರ ಗಮನಕ್ಕೆ ಬಂದಿಲ್ಲ. ಅಕಾಡೆಮಿಯ ಪ್ರಶಸ್ತಿಗಳಿಗಿಂತ ಮಿಗಿಲಾಗಿ ನಮ್ಮ ಪೀಳಿಗೆಯ ನೂರಾರು ಕಲಾವಿದರನ್ನು ಬದುಕಿಸಿದ್ದು ಪ್ರೌಢಶಾಲೆಯ ಚಿತ್ರಕಲಾ ಶಿಕ್ಷಕರ ಹುದ್ದೆ.

ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕು. ನಾನು ಸಂತೆಯಲ್ಲಿ ಕುಳಿತಾಗ ಮಾರಾಟವಾಗದಿದ್ದರೆ ಬೇಸರವಾಗುತ್ತಿತ್ತು, ಆದರೆ ಭಯವಾಗುತ್ತಿರಲಿಲ್ಲ. ತಿಂಗಳ ಕೊನೆಗೆ ಸಂಬಳ ಬರುತ್ತಿತ್ತು. ಈಗ ಪಿಂಚಣಿ ಬರುತ್ತಿದೆ. ಆ ಸಂಬಳದ ನೆರಳಿನಲ್ಲಿ ಕುಳಿತು ನಾನು ಮಾವಿನ ತೋಪುಗಳನ್ನು ನನ್ನಿಷ್ಟದಂತೆ ಬರೆದೆ. ಯಾರೂ ಬುದ್ಧನನ್ನು ಬರೆಯೆಂದು ನನ್ನನ್ನು ಒತ್ತಾಯಿಸಲಿಲ್ಲ. ನಾನು ನಿವೃತ್ತನಾದ ಮೇಲೆ ನನ್ನ ಶಾಲೆಗೆ ಇನ್ನೊಬ್ಬ ಚಿತ್ರಕಲಾ ಶಿಕ್ಷಕ ಬರಲಿಲ್ಲ. ಆ ಕೊಠಡಿಯಲ್ಲಿ ಈಗ ಹಳೆಯ ಬೆಂಚುಗಳಿವೆ. ಐದು ವರ್ಷ ಕಲಾಶಾಲೆಯಲ್ಲಿ ಕಲಿತ ನನ್ನ ವಿದ್ಯಾರ್ಥಿ ಆ ಹುದ್ದೆಗೆ ಎಲ್ಲ ರೀತಿಯಲ್ಲೂ ಅರ್ಹನಾಗಿದ್ದ. ಹುದ್ದೆಯೇ ಇಲ್ಲದ ಕಾಲದಲ್ಲಿ ನಾನು ಅವನಿಗೆ ನನ್ನ 800 ರೂಪಾಯಿಯ ಕಥೆ ಹೇಳಿ ‘ಸಂತೆಗೆ ಹೋಗು’ ಎಂದೆ. ನನ್ನನ್ನು ಕಾಪಾಡಿದ್ದು ಸಂತೆಯಲ್ಲ, ಸಂಬಳ ಎಂಬುದನ್ನು ಹೇಳಲು ಮರೆತೆ.

ಈ ಹಿನ್ನೆಲೆಯಲ್ಲಿ ಕೆಲವು ಸಲಹೆಗಳನ್ನು ಮುಂದಿಡುತ್ತೇನೆ. ಮೊದಲನೆಯದು, ಶಾಲೆ. ಚಿತ್ರಕಲಾ ಶಿಕ್ಷಕರ ಹುದ್ದೆ ತುಂಬುವುದೆಂದರೆ ಒಬ್ಬ ಕಲಾವಿದನಿಗೆ ಅನ್ನ ಕೊಡುವುದಷ್ಟೇ ಅಲ್ಲ. ಅವನು ಮೂವತ್ತು ವರ್ಷದಲ್ಲಿ ಪಾಠ ಹೇಳುವ ಸಾವಿರಾರು ಮಕ್ಕಳಲ್ಲಿ ಕೆಲವರಾದರೂ ಮುಂದೆ ಚಿತ್ರ ಕೊಳ್ಳುವವರಾಗುತ್ತಾರೆ. 2006ರಲ್ಲಿ ನನ್ನ ಚಿತ್ರ ಕೊಂಡ ಆ ಬ್ಯಾಂಕ್ ನೌಕರರಿಗೆ ಚಿತ್ರವನ್ನು ನಿಂತು ನೋಡಲು ಯಾರೋ ಒಬ್ಬ ಮೇಷ್ಟ್ರು ಕಲಿಸಿರಲೇಬೇಕು. ಕೊಳ್ಳುವವನು ಸಂತೆಯಲ್ಲಿ ಹುಟ್ಟುವುದಿಲ್ಲ, ತರಗತಿಯಲ್ಲಿ ಹುಟ್ಟುತ್ತಾನೆ.

ಎರಡನೆಯದು, ಸಾರ್ವಜನಿಕ ಖರೀದಿ. ಫ್ರಾನ್ಸ್ ದೇಶದಲ್ಲಿ 1951ರಿಂದಲೇ, ಮೊದಲು ಶಾಲಾ ಕಟ್ಟಡಗಳಿಗೆ ಅನ್ವಯವಾಗುವಂತೆ, ನಿರ್ಮಾಣ ವೆಚ್ಚದ ಶೇ 1ರಷ್ಟನ್ನು ಕಲಾಕೃತಿಗೆ ಮೀಸಲಿಡುವ ನಿಯಮವಿದೆ. ನಮ್ಮ ತಾಲ್ಲೂಕುಗಳಲ್ಲಿ ಮಿನಿ ವಿಧಾನಸೌಧ, ಆಸ್ಪತ್ರೆ, ಬಸ್ ನಿಲ್ದಾಣ, ವಸತಿ ಶಾಲೆಗಳು ಏಳುತ್ತಲೇ ಇವೆ. ಅವುಗಳ ಗೋಡೆಗಳಿಗೆ ಫ್ಲೆಕ್ಸ್ ಮುದ್ರಣಕ್ಕೆ ಹಣವಿರುತ್ತದೆ, ಚಿತ್ರಕ್ಕೆ ಇರುವುದಿಲ್ಲ. ಶೇ 1 ಬೇಡ, ಅದರ ಕಾಲು ಭಾಗವನ್ನಾದರೂ ಆಯಾ ಜಿಲ್ಲೆಯ ಕಲಾವಿದರ ಕೃತಿಗೆ ಮೀಸಲಿಟ್ಟರೆ, ಮಾವಿಗೆ ತಿರುಳು ಕಾರ್ಖಾನೆ ಇದ್ದಂತೆ ಚಿತ್ರಕ್ಕೂ ಒಂದು ಸ್ಥಿರ ಬೇಡಿಕೆ ಹುಟ್ಟುತ್ತದೆ. ಸರ್ಕಾರಿ ಖರೀದಿ ಎಂದರೆ ಶಿಫಾರಸು, ವಶೀಲಿ ಎಂಬ ಆಕ್ಷೇಪ ಬರುತ್ತದೆ. ಅದು ಸುಳ್ಳೂ ಅಲ್ಲ. ಆಯ್ಕೆ ಸಮಿತಿಯಲ್ಲಿ ಕಲಾವಿದರೇ ಇರಲಿ, ಸದಸ್ಯರು ಪ್ರತಿವರ್ಷ ಬದಲಾಗಲಿ, ಕೊಂಡ ಕೃತಿ ಮತ್ತು ಕೊಟ್ಟ ಬೆಲೆ ಎರಡನ್ನೂ ಪ್ರಕಟಿಸಲಿ. ಅಷ್ಟಾದರೂ ವಶೀಲಿ ಪೂರ್ಣ ಹೋಗದು. ಆದರೆ ಬಚ್ಚಿಟ್ಟುಕೊಳ್ಳಲು ಅದಕ್ಕೆ ಜಾಗ ಕಡಿಮೆಯಾಗುತ್ತದೆ.

ಮೂರನೆಯದು ಖಾಸಗಿ ಮೇಳಗಳಿಗೆ ಸಂಬಂಧಿಸಿದ್ದು. ಮಳಿಗೆ ಬಾಡಿಗೆ ವಸೂಲು ಮಾಡುವ ಪ್ರತಿ ಆಯೋಜಕನೂ ಹಿಂದಿನ ವರ್ಷ ಎಷ್ಟು ಕಲಾವಿದರು ಕುಳಿತರು, ಎಷ್ಟು ಚಿತ್ರಗಳು ಮಾರಾಟವಾದವು, ಎಷ್ಟು ಮಂದಿಗೆ ಬಾಡಿಗೆಯಾದರೂ ಮರಳಿ ಬಂತು ಎಂಬ ಮಾಹಿತಿಯನ್ನು ಅರ್ಜಿಯ ಜೊತೆಗೇ ಕೊಡಬೇಕು. ಕಲಾವಿದರ ಸಂಘಟನೆಗಳು ಒಟ್ಟಾಗಿ ಕೇಳಿದರೆ ಇದು ಅಸಾಧ್ಯವಲ್ಲ. ಬೀಜ ಮಾರುವವನು ಮೊಳಕೆಯ ಪ್ರಮಾಣ ಬರೆಯಬೇಕಾದ ದೇಶದಲ್ಲಿ ಕನಸು ಮಾರುವವನು ಏನನ್ನೂ ಬರೆಯಬೇಕಿಲ್ಲ ಎಂಬುದು ನ್ಯಾಯವಲ್ಲ. ಬಾಡಿಗೆಯ ಅರ್ಧವನ್ನು ಮುಂಗಡವಾಗಿ, ಉಳಿದರ್ಧವನ್ನು ಮಾರಾಟದ ಮೇಲೆ ಪಡೆಯುವ ಪದ್ಧತಿ ಬಂದರೆ, ಕೊಳ್ಳುವವರನ್ನು ಕರೆತರುವ ಹೊಣೆ ಆಯೋಜಕನ ಮೇಲೂ ಬೀಳುತ್ತದೆ.

ನಾಲ್ಕನೆಯದು, ಈಗಾಗಲೇ ಇರುವ ಕಾನೂನು. ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ತಂದ ತಿದ್ದುಪಡಿಯಲ್ಲಿ 53ಎ ಎಂಬ ಸೆಕ್ಷನ್ ಇದೆ. ಕಲಾವಿದನ ಮೂಲ ಕೃತಿಯನ್ನು ಕೊಂಡವನು ಮುಂದೆ 10,000 ರೂಪಾಯಿಗೂ ಮೀರಿದ ಬೆಲೆಗೆ ಮರುಮಾರಾಟ ಮಾಡಿದರೆ ಅದರಲ್ಲಿ, ಶೇ 10 ಮೀರದಂತೆ, ಕಲಾವಿದನಿಗೋ ಅವನ ವಾರಸುದಾರರಿಗೋ ಒಂದು ಪಾಲು ಸಲ್ಲಬೇಕೆಂದು ಅದು ಹೇಳುತ್ತದೆ. ನಾನು ವಿಚಾರಿಸಿದ ಕಲಾವಿದರಲ್ಲಿ ಇದನ್ನು ಕೇಳಿ ಬಲ್ಲವರೇ ವಿರಳ. ನಮ್ಮ ಕಲಾಶಾಲೆಗಳು ಬಣ್ಣ ಬೆರೆಸುವುದನ್ನು ಕಲಿಸುವಂತೆ ರಸೀದಿ ಬರೆಯುವುದನ್ನೂ, ಹಕ್ಕು ಕೇಳುವುದನ್ನೂ ಕಲಿಸಬೇಕು.

ಇನ್ನು ಕಲಾವಿದರಾದ ನಮಗೂ ಒಂದು ಮಾತು. ಕರೆದ ಮೇಳಕ್ಕೆಲ್ಲ ಹೋಗಬೇಕಿಲ್ಲ. ವರ್ಷಕ್ಕೆ ಒಂದು ದೊಡ್ಡ ಸಂತೆ, ಒಂದು ಹತ್ತಿರದ ಮೇಳ ಸಾಕು. ಉಳಿದ ಹಣದಲ್ಲಿ ಬಣ್ಣ ಕೊಳ್ಳಬಹುದು. ಉಳಿದ ದಿನಗಳಲ್ಲಿ ಬರೆಯಬಹುದು. ಊರಿನ ಶಾಲೆಯಲ್ಲೋ ಸಮುದಾಯ ಭವನದಲ್ಲೋ ನಾಲ್ಕು ಜನ ಸೇರಿ ಒಂದು ಪ್ರದರ್ಶನ ಏರ್ಪಡಿಸಲು ಖರ್ಚೇನೂ ಇಲ್ಲ. ಕೋಲಾರದ ಬೆಟ್ಟದ ಮೇಲಿನ ತೇರಹಳ್ಳಿಯಲ್ಲಿ ಕೋಟಿಗಾನಹಳ್ಳಿ ರಾಮಯ್ಯನವರೂ ಗೆಳೆಯರೂ ಕಟ್ಟಿದ ‘ಆದಿಮ’ದಲ್ಲಿ ಹುಣ್ಣಿಮೆಯ ರಾತ್ರಿಗಳಲ್ಲಿ ಹಾಡು, ನಾಟಕ ನೋಡಲು ಸುತ್ತಲಿನ ಹಳ್ಳಿಗಳವರು ಬೆಟ್ಟ ಹತ್ತಿ ಬಂದದ್ದನ್ನು ನಾನು ಕಂಡಿದ್ದೇನೆ. ಕಲೆಗೆ ಜನ ಬರುವುದು ರಾಜಧಾನಿಯ ರಸ್ತೆಗೆ ಮಾತ್ರ ಎಂಬುದು ನಿಜವಲ್ಲ.

ಹುಡುಗನ ಪ್ರಶ್ನೆಗೆ ಮರಳುತ್ತೇನೆ. ಸಂತೆ ಹೆಚ್ಚಾಗಿಲ್ಲ, ಕಲಾವಿದರೂ ಹೆಚ್ಚಾಗಿಲ್ಲ. ನಾಡಿನ ಜನಸಂಖ್ಯೆಗೆ ಹೋಲಿಸಿದರೆ ಆ 1500 ಯಾವ ಲೆಕ್ಕ? ಸಂತೆಯ ಹೊರಗಿದ್ದ ಆಸರೆಗಳು ಒಂದೊಂದಾಗಿ ಕಳಚಿಬಿದ್ದವು, ಆ ಭಾರವೆಲ್ಲ ಸಂತೆಯ ಮೇಲೆ ಬಿತ್ತು. ವರ್ಷಕ್ಕೊಂದು ದಿನದ ಹಬ್ಬದ ಮೇಲೆ ವರ್ಷವಿಡೀ ಬದುಕಿನ ಹೊರೆ ಹೇರಿದರೆ ಹಬ್ಬವೂ ಉಳಿಯದು, ಬದುಕೂ ನಡೆಯದು.

ಈ ಉತ್ತರವನ್ನು ಅವನಿಗೆ ಹೇಳಲು ಹೋದಾಗ ಅವನು ಕಾರ್ಖಾನೆಗೆ ಸೇರಿ ಎರಡು ತಿಂಗಳಾಗಿತ್ತು. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದವನನ್ನು ಅವನ ತಾಯಿ ಎಬ್ಬಿಸಿದರು. ಹನ್ನೊಂದು ಚಿತ್ರಗಳು ಅದೇ ಹೊದಿಕೆಯ ಗಂಟಿನಲ್ಲಿ ಅಟ್ಟದ ಮೇಲಿದ್ದವು. ಅವನು ನನ್ನ ಮಾತುಗಳನ್ನೆಲ್ಲ ಕೇಳಿ, ‘ಸರಿ ಸಾರ್, ಆದ್ರೆ ಕೊಳ್ಳೋರು ಎಲ್ಲಿಂದ ಬರ್ಬೇಕು?’ ಎಂದ. ಆಗ ನನಗೆ ಒಂದು ವಿಷಯ ನೆನಪಾಗಿ ನಾಚಿಕೆಯಾಯಿತು. ಇಷ್ಟು ವರ್ಷ ಪಾಠ ಹೇಳಿ, ಇಷ್ಟು ಮಕ್ಕಳನ್ನು ಸಂತೆಗೆ ಕಳಿಸಿದ ನಾನು, ಅವರಲ್ಲಿ ಯಾರಿಂದಲೂ ಒಂದು ಚಿತ್ರವನ್ನು ದುಡ್ಡು ಕೊಟ್ಟು ಕೊಂಡಿರಲಿಲ್ಲ. ಕೊಟ್ಟದ್ದೆಲ್ಲ ಮೆಚ್ಚುಗೆಯೇ.

ಗಂಟು ಬಿಚ್ಚಿಸಿದೆ. ತಮಟೆ ಕಾಯಿಸುವ ಚಿತ್ರವೊಂದನ್ನು ಆರಿಸಿ ಬೆಲೆ ಕೇಳಿದೆ. ‘ನಿಮ್ಗೆ ಏನ್ ದುಡ್ಡು ಸಾರ್, ತಗೊಂಡ್ ಹೋಗಿ’ ಎಂದ. ಸಂತೆಯಲ್ಲಿ ಎಷ್ಟು ಹೇಳಿದ್ದೆಯೋ ಅಷ್ಟು ಹೇಳು ಎಂದೆ. ಬಹಳ ಹೊತ್ತು ಸುಮ್ಮನಿದ್ದು ‘ಆರು ಸಾವಿರ’ ಎಂದ. ಪಿಂಚಣಿಯ ಹಣದಲ್ಲಿ ಆರು ಸಾವಿರ ಎಣಿಸಿ ಕೊಟ್ಟು, ರಸೀದಿ ಬರೆಸಿಕೊಂಡೆ. ಚಿತ್ರ ಈಗ ನಮ್ಮ ನಡುಮನೆಯ ಗೋಡೆಯ ಮೇಲಿದೆ. ಬಂದವರೆಲ್ಲ ಯಾರು ಬರೆದದ್ದೆಂದು ಕೇಳುತ್ತಾರೆ. ಅಟ್ಟದ ಮೇಲೆ ಇನ್ನೂ ಹತ್ತು ಉಳಿದಿವೆ ಎಂದು ಹೇಳಿ, ಅವನ ಮನೆಯ ದಾರಿ ತೋರಿಸುತ್ತೇನೆ.